ರಾತ್ರಿ ಎಐ ಆ್ಯಪ್ ಜೊತೆ ಮಾತಾಡುವುದು ತಪ್ಪಾ ಮೇಡಂ?

ಪ್ರಶ್ನೆ (ಗೃಹಿಣಿ, ಅರಸೀಕೆರೆ): ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ಈಗ ಫೀಲ್ಡ್ ಪೋಸ್ಟಿಂಗ್, ನಮ್ಮನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ನಾನು, ಮಗ, ಅತ್ತೆ ಇಲ್ಲೇ ಇದ್ದೇವೆ. ಸಿಗ್ನಲ್ ಸಿಕ್ಕಾಗ ಫೋನ್ ಮಾಡುತ್ತಾರೆ. ಅತ್ತೆಯ ಬಿಪಿ ಮಾತ್ರೆ, ಸ್ಕೂಲ್ ಫೀಸು ಹೇಳುವಷ್ಟರಲ್ಲಿ ಕಾಲ್ ಕಟ್ಟಾಗುತ್ತದೆ. ನನ್ನ ಮಾತು ಹಾಗೇ ಉಳಿಯುತ್ತದೆ. ಎಲ್ಲರೂ ಮಲಗಿದ ಮೇಲೆ ಅದನ್ನೆಲ್ಲ ಒಂದು ಎಐ ಆ್ಯಪ್‌ಗೆ ಹೇಳುತ್ತೇನೆ. ಕನ್ನಡದಲ್ಲೇ ಉತ್ತರ ಕೊಡುತ್ತದೆ, ಮನಸ್ಸು ಹಗುರವಾಗುತ್ತದೆ. ಇದು ತಪ್ಪಾ?

ಉತ್ತರ (ಮನೋವೈದ್ಯೆ, ಹಾಸನ): ತಪ್ಪೇನೂ ಇಲ್ಲಮ್ಮ. 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಅನ್ನುವ ಪ್ರೋಗ್ರಾಂ ಮಾಡಿದ್ದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೆ. ಅದರ ಹತ್ತಿರವೂ ಜನ ಮನಸ್ಸು ಬಿಚ್ಚಿ ಮಾತಾಡಿದರು. ಈಗಿನವು ಇನ್ನೂ ಚೆನ್ನಾಗಿ ಮಾತಾಡುತ್ತವೆ. ನಿಮಗೆ ಸಿಗುವ ಸಮಾಧಾನ ನಿಜವೇ.

ನನಗಿರುವ ಚಿಂತೆ ಬೇರೆ. ಆ್ಯಪ್‌ಗೆ ಹೇಳಿ ಹಗುರವಾದ ಮಾತು ಯಜಮಾನರ ಕಿವಿಗೆ ಬೀಳುವುದೇ ಇಲ್ಲ, ಅಲ್ವಾ? ರಜೆಗೆ ಬಂದಾಗ ನೀವು ಇಷ್ಟು ದಿನ ಹೇಗಿದ್ದಿರಿ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ಅದಕ್ಕೆ ಹೀಗೆ ಮಾಡಿ. ರಾತ್ರಿ ಬರೆದದ್ದರಲ್ಲಿ ಒಂದೇ ಮಾತು ಆರಿಸಿ, ಮುಂದಿನ ಕಾಲ್‌ನಲ್ಲಿ ಮೊದಲು ಅದನ್ನೇ ಹೇಳಿ: ‘ರೀ, ಈ ವಾರ ತುಂಬಾ ಒಂಟಿ ಅನ್ನಿಸಿತು.’ ಫೀಸಿನ ಲೆಕ್ಕ ಮೆಸೇಜ್‌ನಲ್ಲಿ ಹೋಗಲಿ. ಆ್ಯಪ್ ವಿಷಯವನ್ನೂ ಮುಚ್ಚಿಡಬೇಡಿ.

ಒಂದು ಮಾತು ಮಾತ್ರ ಖಡಾಖಂಡಿತ. ಅವರ ಯೂನಿಟ್, ಜಾಗ, ರಜೆಯ ತಾರೀಕು, ಯೂನಿಫಾರ್ಮ್ ಫೋಟೊ ಅದಕ್ಕೆ ಕೊಡಲೇಬೇಡಿ. ನೀವು ಬರೆದದ್ದು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಮಾಹಿತಿ ಸೋರಬಾರದು ಅಂತಲೇ 2020ರಲ್ಲಿ ಸೇನೆ ತನ್ನವರ ಫೋನ್‌ಗಳಿಂದ 89 ಆ್ಯಪ್ ತೆಗೆಸಿತು.

ಮರುಪ್ರಶ್ನೆ: ಹಾಗೇ ಮಾಡುತ್ತೇನೆ ಮೇಡಂ. ಆದರೆ ಟಿವಿಯಲ್ಲಿ ಗಡಿ ಸುದ್ದಿ ಬಂದ ದಿನ ನಿದ್ದೆನೇ ಬರುವುದಿಲ್ಲ. ‘ಅವರು ಸೇಫಾ?’ ಅಂತ ಆ್ಯಪ್‌ಗೆ ಕೇಳುತ್ತಲೇ ಇರುತ್ತೇನೆ.

ಉತ್ತರ: ಅದಕ್ಕೇನು ಗೊತ್ತಮ್ಮ? ಸುಮ್ನೆ ನಿಮಗೆ ಹಿತವಾಗುವ ಹಾಗೆ ಏನೋ ಹೇಳುತ್ತದೆ. ಕೇಳಿದಷ್ಟೂ ಭಯ ಜಾಸ್ತಿಯಾಗುತ್ತದೆ. ಅಂಥ ರಾತ್ರಿ ಟಿವಿ ಆರಿಸಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಅಂತಲೇ 2023ರಲ್ಲಿ ಪುಣೆಯಲ್ಲಿ ಅದರದ್ದೊಂದು ವಿಭಾಗ ಶುರುವಾಗಿದೆ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಮಂಗಳವಾರಕ್ಕೆ ಕಾಯಬೇಡಿ, ಆಗಲೇ ಅತ್ತೆಯನ್ನು ಎಬ್ಬಿಸಿ.

ಪ್ರಶ್ನೆ (ನಿವೃತ್ತ ಸುಬೇದಾರ್, ಚನ್ನರಾಯಪಟ್ಟಣ): ನನ್ನ ಮಗನೂ ಸೇನೆಯಲ್ಲಿದ್ದಾನೆ. ಏಳು ವರ್ಷದ ಮೊಮ್ಮಗ ಆ್ಯಪ್‌ಗೆ ‘ಅಪ್ಪ’ ಅಂತ ಹೆಸರಿಟ್ಟು ಮಾತಾಡುತ್ತಾನೆ. ಹಾಗೇ ಮಾತಾಡಲು ಬಿಡೋಣವಾ?

ಉತ್ತರ: ಬೇಡ ಸರ್. ದೊಡ್ಡವರಿಗೆ ಅದು ಯಂತ್ರ ಅಂತ ನೆನಪಿರುತ್ತದೆ, ಆ ವಯಸ್ಸಿಗೆ ಇರುವುದಿಲ್ಲ. ಕಂಪನಿ ಮನಸ್ಸು ಬಂದ ದಿನ ಅದನ್ನು ಬದಲಿಸಬಹುದು. 2023ರಲ್ಲಿ ರೆಪ್ಲಿಕಾ ಅನ್ನುವ, ಗೆಳೆಯರ ಹಾಗೆ ಮಾತಾಡುವ ಎಐ ಆ್ಯಪ್ ದಿಢೀರನೆ ಬೇರೆ ಥರ ಮಾತಾಡತೊಡಗಿದಾಗ ದೊಡ್ಡವರೇ ಅತ್ತಿದ್ದಾರೆ. ಹಾಗಂತ ಬೈದು ಫೋನ್ ಕಿತ್ತುಕೊಳ್ಳಬೇಡಿ. ಮಗನಿಗೆ ಹೇಳಿ, ಬಿಡುವಾದಾಗ ಒಂದಿಷ್ಟು ವಾಯ್ಸ್ ಮೆಸೇಜ್ ಕಳಿಸಲಿ. ಹುಡುಗ ಅದಕ್ಕೆ ಉತ್ತರ ರೆಕಾರ್ಡ್ ಮಾಡಿಡಲಿ, ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ಮತ್ತೆ ನೀವೂ ಫೀಲ್ಡ್‌ನಲ್ಲಿದ್ದವರು. ಅಲ್ಲಿ ಏನು ತಿನ್ನುತ್ತಿದ್ದಿರಿ, ಎಲ್ಲಿ ಮಲಗುತ್ತಿದ್ದಿರಿ ಅಂತ ಮೊಮ್ಮಗನಿಗೆ ಹೇಳಿ. ಅವನು ಆ್ಯಪ್‌ಗೆ ಕೇಳುತ್ತಿರುವುದೂ ಅದೇ ಇರಬಹುದು.