ಬೆಟ್ಟ ಹತ್ತಿದರೂ ಲಾಗಿನ್ ಆಗುವುದಿಲ್ಲ: ಇದು ಸಿಗ್ನಲ್ಲಿನ ತಕರಾರೋ, ಕಾವಲಿನದೋ?

ಬಂಡಲದ ಅಕ್ಕೋರು, ಶಿರಸಿ ತಾಲೂಕು

ನಾನು ನಿವೃತ್ತ ಶಿಕ್ಷಕಿ. ಶಿರಸಿ–ಕುಮಟಾ ರಸ್ತೆಯಿಂದ ಒಳಗೆ ನಮ್ಮ ಮನೆ ಮತ್ತು ತೋಟ. ಅಡಿಕೆ ಬೆಳೆಗಾರರ ಆನ್‌ಲೈನ್ ಬಳಗವೊಂದರಲ್ಲಿ ಸದಸ್ಯೆಯಾಗಿದ್ದೇನೆ. ಯಾವ ಊರಿನಲ್ಲಿ ಕೊಳೆರೋಗ ಕಾಣಿಸಿತು, ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆಗೆ ಜನ ಸಿಕ್ಕರೇ, ಎಲೆಚುಕ್ಕಿ ಎಲ್ಲಿಯವರೆಗೆ ಬಂತು, ರಾಶಿ, ಚಾಲಿ ಎಂಬ ಅಡಿಕೆಯ ಬಗೆಗಳಿಗೆ ಇವತ್ತು ಶಿರಸಿಯಲ್ಲಿ ಏನು ದರ ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ಮಳೆ ಹಿಡಿದಂದಿನಿಂದ ಅದರೊಳಗೆ ಹೋಗುವುದೇ ನನಗೊಂದು ಉದ್ಯೋಗವಾಗಿದೆ.

ಮನೆಯೊಳಗೆ ಸಿಗ್ನಲ್ ಇಲ್ಲ. ಸೊಪ್ಪಿನ ಬೆಟ್ಟದ ಮೇಲೆ, ದರಕು (ಒಣಗಿ ಉದುರಿದ ಎಲೆ) ಗುಡಿಸುವ ಜಾಗದಲ್ಲಿ ನಿಂತರೆ ಎರಡು ಕಡ್ಡಿ ಕಾಣಿಸುತ್ತವೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಪಾಸ್‌ವರ್ಡ್ ಹಾಕಿದರೆ ಒಟಿಪಿ ಕಳುಹಿಸಿದ್ದೇವೆ ಎನ್ನುತ್ತದೆ, ಬರುವುದಿಲ್ಲ. ಮತ್ತೆ ಕಳುಹಿಸಲು ಒತ್ತುತ್ತೇನೆ. ಅಷ್ಟರಲ್ಲಿ ಗಾಳಿ ಬೀಸಿ ಎರಡು ಕಡ್ಡಿಯೂ ಹೋಗುತ್ತವೆ. ಅವು ಮರಳಿದಾಗ ಹಳೆಯ ಒಟಿಪಿ, ಹೊಸ ಒಟಿಪಿ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಯಾವುದಕ್ಕೂ ಜೀವವಿರುವುದಿಲ್ಲ. ಒಂದನ್ನು ಹಾಕಿ ನೋಡಿದರೆ, ತಪ್ಪು ಸಂಖ್ಯೆ ಕೊಟ್ಟಿರಿ ಎಂದು ಖಾತೆಗೇ ಬೀಗ ಬೀಳುತ್ತದೆ. ಹೇಗೋ ಒಳಗೆ ಹೋದರೂ ಸಿಗ್ನಲ್ ಒಮ್ಮೆ ತಪ್ಪಿದರೆ ಸಾಕು, ಮೊದಲಿನಿಂದ ಶುರು.

ಇಷ್ಟನ್ನು ಮಳೆಗಾಲದ ಕಷ್ಟವೆಂದು ಸಹಿಸಿಕೊಂಡಿದ್ದೆ. ಈಗ ಹೊಸದೊಂದು ಬಂದಿದೆ: ‘ನಿಮ್ಮ ಐಪಿ ವಿಳಾಸದಿಂದ ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆ, ಪ್ರವೇಶವನ್ನು ತಡೆಹಿಡಿಯಲಾಗಿದೆ.’ ನಾನು ಆ ತಾಣದಲ್ಲಿ ಮಾಡಿದ ಅತಿ ದೊಡ್ಡ ಚಟುವಟಿಕೆಯೆಂದರೆ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಕೇಳಿದ್ದು. ಶಿರಸಿ ಪೇಟೆಯಲ್ಲಿರುವ ತಂಗಿಯ ಮನೆಯ ಫೈಬರ್ ಸಂಪರ್ಕದಲ್ಲಿ ಇದೇ ಫೋನು, ಇದೇ ಖಾತೆ ಸರಾಗವಾಗಿ ತೆರೆಯುತ್ತದೆ. ಬೆಟ್ಟಕ್ಕೆ ಬಂದರೆ ಮತ್ತೆ ತಡೆ.

ತಡೆ ಇಲ್ಲದ ದಿನ ಚಿತ್ರಗಳ ಒಗಟು. ಬೆಂಕಿ ನಂದಿಸುವ ನಲ್ಲಿ ಇರುವ ಚೌಕಗಳನ್ನು ಆರಿಸಬೇಕಂತೆ. ರಸ್ತೆ ಬದಿಯಲ್ಲಿ ನಿಲ್ಲುವ ಆ ಗಿಡ್ಡ ಕೆಂಪು ನಲ್ಲಿಯನ್ನು ದೇವಿಮನೆ ಘಟ್ಟದ ಈಚೆಗೂ ಆಚೆಗೂ ನಾನು ಕಂಡವಳಲ್ಲ. ನಾನು ಮನುಷ್ಯಳೆಂದು ಸಾಬೀತು ಮಾಡಲು ಅಮೆರಿಕದ ಬೀದಿ ಗೊತ್ತಿರಬೇಕೇ?

ಇನ್ನೆರಡು ವಿಷಯಗಳಿವೆ. ‘ಮುಂಬೈಯಿಂದ ನಿಮ್ಮ ಖಾತೆಗೆ ಪ್ರವೇಶವಾಗಿದೆ’ ಎಂದು ಇಮೇಲ್ ಬಂದಿದೆ; ಆ ಹೊತ್ತಿನಲ್ಲಿ ಬೆಟ್ಟದ ಮೇಲೆ ನಿಂತು ಪ್ರವೇಶಿಸಿದವಳು ನಾನೇ. ಮನೆಯಲ್ಲಿರುವ ಹಳೆಯ ಆಂಡ್ರಾಯ್ಡ್ 6ರ ಫೋನಿನಲ್ಲಿ ಮಾತ್ರ ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಇವೆಲ್ಲ ಒಂದೇ ರೋಗವೋ, ಬೇರೆ ಬೇರೆಯೋ? ಫೋನು ಬದಲಿಸಿ ಎಂಬ ಒಂದೇ ಸಾಲಿನ ಉತ್ತರ ದಯವಿಟ್ಟು ಬೇಡ.

ಕೋಡಿಬಾಗ, ಕಾರವಾರ

ಅಕ್ಕೋರೇ, ನಮಸ್ಕಾರ. ನನ್ನ ಹೊಟ್ಟೆಪಾಡು ಸರ್ವರ್ ಕಾಯುವ ಕೆಲಸದಿಂದ ನಡೆಯುತ್ತದೆ. ರೋಗಗಳು ಬೇರೆ ಬೇರೆ. ಆದರೆ ತಡೆ, ಒಗಟು, ಮುಂಬೈ, ಈ ಮೂರಕ್ಕೂ ಬೇರು ಒಂದೇ.

ಐಪಿ ವಿಳಾಸವೆಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಅದರ ಹಳೆಯ ವ್ಯವಸ್ಥೆಯಲ್ಲಿ ಜಗತ್ತಿಗೆಲ್ಲ ಸೇರಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಕೇಂದ್ರ ದಾಸ್ತಾನಿನಲ್ಲಿದ್ದ ಕೊನೆಯ ಕಂತನ್ನು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಸಿದರು. ಪ್ರತಿಯೊಂದು ಮೊಬೈಲಿಗೂ ಸ್ವಂತ ವಿಳಾಸ ಕೊಡಲು ಕಂಪನಿಗಳ ಬಳಿ ಇಲ್ಲ. ಹಾಗಾಗಿ ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಒಳಗಿನ ಈ ಏರ್ಪಾಡಿಗಾಗಿಯೇ 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಎತ್ತಿಟ್ಟರು. ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ಈ ಸಂಖ್ಯೆಗಳಿಂದಲೋ, ಬರಿಯ 10ರಿಂದಲೋ ಶುರುವಾಗಿದ್ದರೆ ನೀವು ಆ ಗುಂಪಿನಲ್ಲಿದ್ದೀರಿ ಎಂದೇ ಅರ್ಥ.

ಆ ಗುಂಪಿನಲ್ಲಿ ಯಾರೋ ಒಬ್ಬ ಸಾಲದ ಜಾಹೀರಾತು ಸುರಿದರೆ, ಅಥವಾ ಯಾರದೋ ಫೋನಿಗೆ ಹೊಕ್ಕ ಕೆಟ್ಟ ಆ್ಯಪ್ ಪಾಸ್‌ವರ್ಡ್ ಊಹಿಸುತ್ತ ಕುಳಿತರೆ, ಬಳಗದ ಸರ್ವರ್‌ಗೆ ಕಾಣುವುದು ಆ ಒಂದು ವಿಳಾಸ ಮಾತ್ರ. ಅದನ್ನು ತಡೆದರೆ ನೀವೂ ಹೊರಗೆ. ಒಗಟುಗಳು ಹೆಚ್ಚಾಗುವುದಕ್ಕೂ ಇದೇ ಕಾರಣ: ಒಂದೇ ವಿಳಾಸದಿಂದ ಹಲವರು ಬಂದಷ್ಟೂ ಅನುಮಾನ ಏರುತ್ತದೆ. (ಆ ಒಗಟಿನಲ್ಲಿ ಹೆಡ್‌ಫೋನ್ ಚಿಹ್ನೆ ಇದ್ದರೆ ಅದನ್ನು ಒತ್ತಿ, ಚಿತ್ರದ ಬದಲು ಕೇಳಿಸಿಕೊಂಡು ಬರೆಯಬಹುದು. ಬೆಟ್ಟದ ಮೇಲೆ ಮಳೆಯ ಸದ್ದಿನಲ್ಲಿ ಅದೆಷ್ಟು ಕೇಳಿಸುತ್ತದೋ, ಅದು ಬೇರೆ ಮಾತು.) ಮುಂಬೈ ಕಾಣುವುದು, ಕಂಪನಿಯ ಜಾಲ ಹೊರಗಿನ ಇಂಟರ್ನೆಟ್‌ಗೆ ಕೂಡುವ ಊರನ್ನೋ ವಿಳಾಸ ನೋಂದಣಿಯಾದ ಊರನ್ನೋ ನೋಡಿ ಮಾಡಿದ ಅಂದಾಜಿನಿಂದ. ಅಂಥ ಇಮೇಲ್‌ನಲ್ಲಿ ಊರನ್ನು ನಂಬಬೇಡಿ. ಸಮಯವನ್ನೂ ಫೋನಿನ ಮಾದರಿಯನ್ನೂ ನೋಡಿ. ಅವುಗಳಲ್ಲಿ ಒಂದಾದರೂ ನಿಮ್ಮದಲ್ಲದಿದ್ದರೆ ಗಾಬರಿಯಾಗಿ ಪಾಸ್‌ವರ್ಡ್ ಬದಲಿಸಿ.

ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಕೆಲವೊಮ್ಮೆ ಬೇರೆ ವಿಳಾಸ ಸಿಗುತ್ತದೆ. ಸಿಗ್ನಲ್ ಹೋಗಿ ಬಂದಾಗ ನಿಮ್ಮನ್ನು ಹೊರಹಾಕುವುದೂ ಬಹುಶಃ ವಿಳಾಸ ಹೀಗೆ ಬದಲಾಗುವುದರಿಂದಲೇ. ನಿಜವಾದ ಮದ್ದು ತಾಣ ನಡೆಸುವವರ ಕೈಯಲ್ಲಿದೆ. ತಪ್ಪಾದ ಲಾಗಿನ್‌ಗಳನ್ನು ವಿಳಾಸದ ಮೇಲಷ್ಟೇ ಅಲ್ಲದೆ ಖಾತೆಯ ಮೇಲೂ ಲೆಕ್ಕ ಹಾಕಬೇಕು. ತಡೆಗೊಂದು ಅವಧಿ ಇರಬೇಕು. ಸರ್ವರ್‌ಗೆ ಐಪಿವಿ6, ಅಂದರೆ ಹೊಸ ಐಪಿ ವ್ಯವಸ್ಥೆಯ ವಿಳಾಸ, ಕೊಡಬೇಕು. ನಮ್ಮ ಮೊಬೈಲ್ ಕಂಪನಿಗಳು ಅದನ್ನು ಧಾರಾಳವಾಗಿ ಕೊಡುತ್ತಿವೆ, ಅದರಲ್ಲಿ ಈ ಹಂಚಿಕೆಯ ಗೋಜಿಲ್ಲ.

ಒಟಿಪಿಗೆ ಬೇರೆ ದಾರಿ ಇದೆ. ಖಾತೆಯ ಸೆಟ್ಟಿಂಗ್‌ನಲ್ಲಿ ಅಥೆಂಟಿಕೇಟರ್ ಆ್ಯಪ್ ಎಂಬ ಆಯ್ಕೆ ಇದೆಯೇ ನೋಡಿ. ಮೊದಲ ಸಲ ಒಂದು ಕ್ಯೂಆರ್ ಚಿತ್ರ ತೋರಿಸಿ ಗುಪ್ತ ಸಂಖ್ಯೆಯೊಂದನ್ನು ನಿಮ್ಮ ಫೋನಿನಲ್ಲಿ ಇರಿಸುತ್ತಾರೆ. ಆಮೇಲೆ ಆ ಗುಪ್ತ ಸಂಖ್ಯೆ ಮತ್ತು ಫೋನಿನ ಗಡಿಯಾರ, ಇವೆರಡನ್ನೇ ಬಳಸಿ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಕೋಡ್ ತಯಾರಿಸುತ್ತದೆ. ಎಸ್ಎಂಎಸ್ ಬೇಡ, ಕೋಡ್ ಹುಟ್ಟುವುದಕ್ಕೆ ಸಿಗ್ನಲ್ಲೂ ಬೇಡ. ಗಡಿಯಾರ ಮಾತ್ರ ಸರಿಯಾಗಿರಬೇಕು.

ಹಳೆಯ ಫೋನಿನ ಎಚ್ಚರಿಕೆಗೆ ಮೊದಲು ತಾರೀಖು ನೋಡಿ. ಕರೆಂಟ್ ಹೋಗಿ ಬ್ಯಾಟರಿ ಪೂರ್ತಿ ಬರಿದಾದ ಫೋನು ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಏಳಬಹುದು. ಆಗ ತಾಣ ಅಸಲಿಯೆಂದು ತೋರಿಸುವ ಪ್ರಮಾಣಪತ್ರ, ಅದು ಯಾವ ತಾಣದ್ದಾದರೂ, ಅದಕ್ಕೆ ಸುಳ್ಳಾಗಿ ಕಾಣುತ್ತದೆ. ತಾರೀಖು ಸರಿ ಇದ್ದರೆ ಕಾರಣ ಇದಿರಬಹುದು: ಬಹಳಷ್ಟು ಸಣ್ಣ ತಾಣಗಳು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಬಳಸುತ್ತವೆ. ಅದರ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ರಿಂದ ಈಚಿನ ಫೋನುಗಳಿಗಷ್ಟೇ ಪರಿಚಯ. ಹಳೆಯವುಗಳಿಗಾಗಿ ಇಟ್ಟುಕೊಂಡಿದ್ದ ಬದಲಿ ಏರ್ಪಾಡು 2024ರ ಸೆಪ್ಟೆಂಬರಿಗೆ ಮುಗಿಯಿತು. ಬೇಡವೆಂದಿರಿ, ಆದರೂ ಆ ಒಂದು ಫೋನಿನ ಮಟ್ಟಿಗೆ ನೀವು ಬೇಡವೆಂದ ಉತ್ತರವನ್ನೇ ಕೊಡುತ್ತಿದ್ದೇನೆ. ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಿ ಪಾಸ್‌ವರ್ಡ್ ಹಾಕಬೇಡಿ.

ತದಡಿ ಬಂದರು

ಅಥೆಂಟಿಕೇಟರ್ ಎಂದು ಹೊಗಳುವವರು ಒಂದು ಮಾತು ಬಿಡುತ್ತಾರೆ. ನಮ್ಮದು ಬೋಟಿನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಹಾಗಾಗಿ ಈಗ ದಡದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಮ್ಮ ಬೋಟು ನಡೆಸುವ ತಾಂಡೇಲರ ಫೋನು ಉಪ್ಪುನೀರಿಗೆ ಬಿತ್ತು. ಸಿಮ್ ಹೊಸದು ಮಾಡಿಸಿಕೊಂಡರೆ ಎಸ್ಎಂಎಸ್ ಮತ್ತೆ ಬರುತ್ತದೆ. ಆ್ಯಪಿನೊಳಗಿನ ಗುಪ್ತ ಸಂಖ್ಯೆ ಸಮುದ್ರ ಸೇರಿದ್ದು ಬರುವುದಿಲ್ಲ. ಅವರು ಮೂರು ಖಾತೆಗಳಿಂದ ಹೊರಗೆ ಉಳಿದರು. ಆ್ಯಪ್ ಜೋಡಿಸುವ ದಿನವೇ ತಾಣದವರು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಿ. ಫೋಟೋ ತೆಗೆದು ಅದೇ ಫೋನಿನಲ್ಲಿ ಇಡುವವರನ್ನೂ ಕಂಡಿದ್ದೇನೆ.

ಬಳಗದ ನಿರ್ವಹಣೆ

ಅಕ್ಕೋರು ಹೇಳುತ್ತಿರುವುದು ನಮ್ಮ ಬಳಗದ ಬಗ್ಗೆ ಎಂದು ತಿಳಿಯಿತು. ಇಲ್ಲಿ ಸಂಬಳದವರು ಯಾರೂ ಇಲ್ಲ. ಒಂದು ರಾತ್ರಿ ದರದ ಪುಟದ ತುಂಬ ಸಾಲದ ಆ್ಯಪ್‌ಗಳ ಕೊಂಡಿಗಳು ತುಂಬಿದ್ದವು. ಸದಸ್ಯರೊಬ್ಬರು ಒತ್ತಿಯೂ ಆಗಿತ್ತು. ಆ ಹೊತ್ತಿಗೆ ವಿಳಾಸ ತಡೆಯುವುದೇ ಕೈಗೆಟುಕಿದ ಉಪಾಯ. ಇವತ್ತಿನಿಂದ ತಡೆ ಬಿದ್ದ ಒಂದು ಗಂಟೆಯ ನಂತರ ತಾನಾಗಿ ತೆರವಾಗುತ್ತದೆ. ಐಪಿವಿ6 ಬಗ್ಗೆ ಸರ್ವರ್ ಬಾಡಿಗೆ ಕೊಟ್ಟವರನ್ನು ಕೇಳುತ್ತೇವೆ. ಅಥೆಂಟಿಕೇಟರ್ ಆಯ್ಕೆ ಈಗಾಗಲೇ ಇದೆ, ‘ಖಾತೆ – ಭದ್ರತೆ’ ಎಂಬಲ್ಲಿ.

ಬಂಡಲದ ಅಕ್ಕೋರು, ಶಿರಸಿ ತಾಲೂಕು

ಸಂಬಳವಿಲ್ಲದೆ ಮಾಡುತ್ತಿದ್ದೀರಿ, ಆ ಋಣ ನಮ್ಮ ಮೇಲಿದೆ. ಆದರೂ ಹೇಳುತ್ತೇನೆ: ಹಿಂದಿನ ಬೆಂಚಿನಲ್ಲಿ ಒಬ್ಬ ಗಲಾಟೆ ಮಾಡಿದನೆಂದು ಇಡೀ ಬೆಂಚನ್ನು ಹೊರಗೆ ನಿಲ್ಲಿಸಿದರೆ ಗಲಾಟೆ ನಿಲ್ಲುವುದಿಲ್ಲ, ಅವನು ನಾಳೆ ಬೇರೆ ಬೆಂಚಿನಲ್ಲಿ ಕೂರುತ್ತಾನೆ. ಒಂದು ಗಂಟೆಯ ಅವಧಿ ಒಪ್ಪಿಗೆ.

ಮತ್ತೊಂದು ಸಂಗತಿ. ನಿನ್ನೆ ಒಬ್ಬ ಕರೆ ಮಾಡಿ, ಬಳಗದ ಸಹಾಯ ವಿಭಾಗದವನು, ನಿಮ್ಮ ತಡೆ ತೆಗೆಯುತ್ತೇನೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಫೈಲ್ ತೆರೆದು ಒಟಿಪಿ ಹೇಳಿ ಎಂದ. ಯಾವ ಊರಿನವನು, ತೋಟಕ್ಕೆ ಯಾವ ಔಷಧಿ ಹೊಡೆದಿದ್ದೀರಿ ಎಂದು ಕೇಳಿದೆ. ಫೋನಿಟ್ಟ. ಆ ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಎಂದಿದೆ. ತೆರೆದಿಲ್ಲ, ಅಳಿಸಿಯೂ ಇಲ್ಲ.

ಕೋಡಿಬಾಗ, ಕಾರವಾರ

ಎಪಿಕೆ ಎಂದರೆ ಆ್ಯಪನ್ನು ನೇರವಾಗಿ ಫೋನಿಗೆ ಇಳಿಸುವ ಕಡತ. ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ, ಸರ್ಕಾರಿ ಯೋಜನೆಯ ಹಣ ಎಂಬ ಹೆಸರಿನಲ್ಲೆಲ್ಲ ಇಂಥವು ಓಡಾಡುತ್ತಿವೆ. ಒಮ್ಮೆ ಇಳಿಸಿ ಅನುಮತಿ ಕೊಟ್ಟರೆ ನಿಮ್ಮ ಎಸ್ಎಂಎಸ್‌ಗಳನ್ನು ಓದಿ ಅವನಿಗೆ ದಾಟಿಸುತ್ತದೆ. ಒಟಿಪಿಯನ್ನು ಆಮೇಲೆ ನಿಮ್ಮ ಬಾಯಿಂದ ಕೇಳುವ ಅಗತ್ಯವೂ ಅವನಿಗಿರುವುದಿಲ್ಲ. ಸಂದೇಶದ ಸ್ಕ್ರೀನ್‌ಶಾಟ್ ತೆಗೆದುಕೊಂಡು ಕಡತವನ್ನು ಅಳಿಸಿಬಿಡಿ. ಹಣ ಹೋಗಿಲ್ಲವಾದ್ದರಿಂದ ಇದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬೇಕಾದ ಕರೆ. ಹಣ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಸದಸ್ಯರ ಫೋನ್ ಸಂಖ್ಯೆಗಳು ಬಳಗದ ಪುಟದಲ್ಲಿ ಎಲ್ಲರಿಗೂ ಕಾಣುತ್ತಿವೆಯೇ ಎಂದು ನಿರ್ವಹಣೆಯವರು ದಯವಿಟ್ಟು ನೋಡಬೇಕು.

ಬಳಗದ ನಿರ್ವಹಣೆ

ಸದಸ್ಯರಿಗೆ ಕಾಣುತ್ತಿದ್ದವು. ಮುಚ್ಚಿದ್ದೇವೆ.

ಬಂಡಲದ ಅಕ್ಕೋರು, ಶಿರಸಿ ತಾಲೂಕು

ಅಥೆಂಟಿಕೇಟರ್ ಜೋಡಿಸಲು ಹೊರಟಿದ್ದೇನೆ. ನಮ್ಮ ಮನೆಯವರ ಫೋನಿನಲ್ಲಿಯೂ ಅದೇ ಕೋಡ್ ಬರುವಂತೆ ಮಾಡಬಹುದೇ? ತದಡಿಯವರ ಮಾತು ಕೇಳಿದ ಮೇಲೆ ಒಂದೇ ಫೋನನ್ನು ನಂಬಲು ಮನಸ್ಸಿಲ್ಲ. ನಮ್ಮಲ್ಲಿ ಸಮುದ್ರವಿಲ್ಲದಿದ್ದರೂ ಬಾವಿ ಇದೆ.

ಕೋಡಿಬಾಗ, ಕಾರವಾರ

ಮಾಡಬಹುದು. ಕ್ಯೂಆರ್ ಚಿತ್ರ ಪರದೆಯ ಮೇಲಿರುವಾಗಲೇ ಎರಡೂ ಫೋನುಗಳಿಂದ ಅದನ್ನು ಸ್ಕ್ಯಾನ್ ಮಾಡಿ, ಎರಡರಲ್ಲೂ ಒಂದೇ ಕೋಡ್ ಬರುತ್ತಿದೆಯೆಂದು ನೋಡಿದ ನಂತರವೇ ‘ದೃಢೀಕರಿಸಿ’ ಒತ್ತಿ. ಆಮೇಲೆ ಆ ಚಿತ್ರವನ್ನು ಮತ್ತೆ ತೋರಿಸುವುದಿಲ್ಲ. ಚಿತ್ರಕ್ಕೊಂದು ಮೂರನೆಯ ಪರದೆ ಬೇಕಾಗುವುದರಿಂದ ಈ ಕೆಲಸವನ್ನು ಶಿರಸಿಯ ತಂಗಿಯ ಮನೆಯ ಕಂಪ್ಯೂಟರಿನಲ್ಲಿಯೇ ಮುಗಿಸಿಕೊಳ್ಳಿ, ಬೆಟ್ಟದ ಮೇಲೆ ಬೇಡ.