ಸಹಾಯ ಬೇಕು: ಬರೀ ಸಲೈನ್ ಕೊಟ್ಟರೂ ಏಡಿಯ ಶುಗರ್ ಏರುತ್ತಿದೆ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಸಮುದ್ರದ ಏಡಿಯ ಕಣ್ಣಿನ ದಂಟಿನೊಳಗೆ ಸೈನಸ್ ಗ್ರಂಥಿ ಇದೆಯಲ್ಲ, ಅಲ್ಲಿಂದ ಬರುವ ಸಿಎಚ್‌ಎಚ್ (ಕ್ರಸ್ಟೇಶಿಯನ್ ಹೈಪರ್‌ಗ್ಲೈಸೀಮಿಕ್ ಹಾರ್ಮೋನ್, ಅಂದರೆ ಏಡಿ-ಸೀಗಡಿಗಳ ಸಕ್ಕರೆ ಏರಿಸುವ ಹಾರ್ಮೋನ್) ಪೆಪ್ಟೈಡ್ ನನ್ನ ವಿಷಯ. ಸುಮಾರು 72 ಅಮೈನೋ ಆಮ್ಲಗಳ ಸರಪಳಿ. ನಮ್ಮಲ್ಲಿ ಗ್ಲುಕಗಾನ್ ಹಾರ್ಮೋನ್ ಮಾಡುವ ಹಾಗೆ ಏಡಿಯ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ.

ತೊಂದರೆ ಏನೆಂದರೆ, ದಂಟಿನ ಸಾರ ಚುಚ್ಚಿದರೂ ಸಕ್ಕರೆ ಏರುತ್ತದೆ, ಬರೀ ಸಲೈನ್ ಚುಚ್ಚಿದರೂ ಏರುತ್ತದೆ! ನೀರಿನಿಂದ ಎತ್ತಿ ಹಿಡಿದರೆ ಸಾಕು, ಗಾಬರಿಗೆ ಅದರ ಸ್ವಂತ ಹಾರ್ಮೋನೇ ಹೊರಗೆ ಬರುತ್ತದೆ ಅಲ್ವಾ. ಅದು ಬರದಂತೆ ಎರಡೂ ಕಣ್ಣಿನ ದಂಟು ತೆಗೆದ ಏಡಿ ಬಳಸು ಅಂತಾರೆ. ಪಾಪ, ಮನಸ್ಸು ಒಪ್ಪುತ್ತಿಲ್ಲ.

ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಚುಚ್ಚುವ ಮೊದಲು ಎಷ್ಟು ದಿನ ತೊಟ್ಟಿಯಲ್ಲಿ ಸುಮ್ನೆ ಬಿಡುತ್ತೀರಿ? ರಕ್ತ ಕಾಲಿನ ಬುಡದಿಂದ ತೆಗೆಯುತ್ತೀರಾ? ಚುಚ್ಚಿ ಎಷ್ಟು ಹೊತ್ತಿಗೆ? ಮುಂದಿನ ವಾರ ಹೊಸ ಏಡಿ ತರುತ್ತಿದ್ದೇನೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.