ಪ್ರಶ್ನೋತ್ತರ: ಸೇವಾ ಕೇಂದ್ರದ ಕಂಪ್ಯೂಟರ್‌ಗೆ ಯಾವ ಬ್ರೌಸರ್?

ಪ್ರಶ್ನೆ: ನಮಸ್ಕಾರ ಸರ್. ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಆನ್‌ಲೈನ್ ಸೇವಾ ಕೇಂದ್ರ. ಮೂರು ಕಂಪ್ಯೂಟರ್ ಇವೆ, ಮೂರಕ್ಕೂ 4 ಜಿಬಿ ರ‍್ಯಾಮ್. ಎರಡರಲ್ಲಿ ವಿಂಡೋಸ್ 10, ಒಂದರಲ್ಲಿ ವಿಂಡೋಸ್ 7. ಜಿಎಸ್‌ಟಿ ರಿಟರ್ನ್, ಅರ್ಜಿ ತುಂಬುವುದು, ಪಹಣಿ ಪ್ರಿಂಟ್, ಇಷ್ಟೇ ಕೆಲಸ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಮೆಷಿನ್ ಹ್ಯಾಂಗ್. ಒಂದು ಸೈಟ್ ಕ್ರೋಮ್‌ನಲ್ಲಿ ಕೈಕೊಟ್ಟಾಗ ಬ್ರೇವ್ ಹಾಕಿದೆವು, ಒಪೆರಾ ಹಾಕಿದೆವು, ಅಲ್ಲೂ ಅದೇ ತೊಂದರೆ. ಯಾವುದನ್ನು ಇಟ್ಟುಕೊಳ್ಳೋಣ?

ಉತ್ತರ (ಸಿಸ್ಟಮ್ ಅಡ್ಮಿನ್): ಅದೇ ತೊಂದರೆ ಬಂದದ್ದು ಸಹಜವೇ ಮೇಡಂ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಅಂತ ಹೆಸರು ಐದಿದ್ದರೂ ವಿಂಡೋಸ್‌ನಲ್ಲಿ ಇವೆಲ್ಲದರ ಒಳಗೆ ಓಡುವುದು ಗೂಗಲ್‌ನ ಮುಕ್ತ ಬ್ರೌಸರ್ ತಳಹದಿಯಾದ ಕ್ರೋಮಿಯಂನ ಬ್ಲಿಂಕ್ ಎಂಜಿನ್ನೇ. ಒಪೆರಾ 2013ರಲ್ಲಿ ತನ್ನ ಎಂಜಿನ್ ಬಿಟ್ಟು ಇತ್ತ ಬಂತು, ಎಡ್ಜ್ 2020ರ ಜನವರಿಯಲ್ಲಿ. ಪುಟವನ್ನು ಬಿಡಿಸಿ ತೋರಿಸುವ ಭಾಗ ಒಂದೇ ಆಗಿರುವಾಗ ಕ್ರೋಮ್‌ನಲ್ಲಿ ಮುರಿದ ಪುಟ ಬ್ರೇವ್‌ನಲ್ಲೂ ಮುರಿಯುತ್ತದೆ. ನಿಜವಾಗಿ ಬೇರೆ ಎಂಜಿನ್ ಬೇಕೆಂದರೆ ವಿಂಡೋಸ್‌ನಲ್ಲಿ ಉಳಿದಿರುವುದು ಫೈರ್‌ಫಾಕ್ಸ್, ಅದರದ್ದು ಗೆಕೋ. ಸಫಾರಿ ವಿಂಡೋಸ್‌ಗೆ ಬರುವುದು 2012ರಲ್ಲೇ ನಿಂತಿದೆ.

ಹಾಗಾಗಿ ಐದಾರು ಬ್ರೌಸರ್ ತುಂಬಿಕೊಳ್ಳಬೇಡಿ. ಕ್ರೋಮಿಯಂ ಕಡೆಯದೊಂದು, ಜೊತೆಗೆ ಫೈರ್‌ಫಾಕ್ಸ್ ಸಾಕು. 4 ಜಿಬಿ ಮೆಷಿನ್‌ನಲ್ಲಿ ನಾನಾದರೆ ಕ್ರೋಮ್ ಬದಲು ಎಡ್ಜ್ ಇಟ್ಟುಕೊಳ್ಳುತ್ತೇನೆ. ಅದು ಹೇಗೂ ವಿಂಡೋಸ್ ಜೊತೆಗೇ ಬಂದಿರುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೇಳುವ ಹಳೇ ಕಚೇರಿ ಪುಟಗಳಿಗೆ ಅದರಲ್ಲಿ ಐಇ ಮೋಡ್ ಇದೆ: ಸೆಟ್ಟಿಂಗ್ಸ್‌ನ ಡೀಫಾಲ್ಟ್ ಬ್ರೌಸರ್ ವಿಭಾಗದಲ್ಲಿ ‘ಅಲೋ’ ಕೊಟ್ಟು, ಬ್ರೌಸರ್ ಮುಚ್ಚಿ ತೆರೆದು, ಅಲ್ಲೇ ಪುಟದ ವಿಳಾಸ ಸೇರಿಸಿ. ಸೇರಿಸಿದ ವಿಳಾಸ 30 ದಿನಕ್ಕೆ ತಾನಾಗಿ ಪಟ್ಟಿಯಿಂದ ಬಿದ್ದುಹೋಗುತ್ತದೆ. ‘ನಿನ್ನೆವರೆಗೂ ಸರಿಯಿತ್ತು’ ಎಂಬ ದೂರು ಬಂದರೆ ಮೊದಲು ಆ ಪಟ್ಟಿ ನೋಡಿ.

ಎಡ್ಜ್‌ನ ಕಿರಿಕಿರಿಯೂ ಸಣ್ಣದಲ್ಲ. ಹೊಸ ಟ್ಯಾಬ್ ತುಂಬ ಸುದ್ದಿ, ಪಕ್ಕದಲ್ಲಿ ಸೈಡ್‌ಬಾರ್, ಶಾಪಿಂಗ್ ಸಲಹೆಗಳು. ಎಲ್ಲವನ್ನೂ ಒಂದೊಂದಾಗಿ ಆಫ್ ಮಾಡಿ. ಸಿಸ್ಟಮ್ ವಿಭಾಗದಲ್ಲಿ ಸ್ಟಾರ್ಟಪ್ ಬೂಸ್ಟ್, ಬ್ರೌಸರ್ ಮುಚ್ಚಿದ ಮೇಲೂ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಓಡುವ ಆಯ್ಕೆ, ಎರಡನ್ನೂ ತೆಗೆಯಿರಿ. ಇಲ್ಲದಿದ್ದರೆ ಕಿಟಕಿ ಮುಚ್ಚಿದರೂ ರ‍್ಯಾಮ್ ಖಾಲಿಯಾಗುವುದಿಲ್ಲ.

ಮರುಪ್ರಶ್ನೆ: ಫೈರ್‌ಫಾಕ್ಸ್ ರ‍್ಯಾಮ್ ಕಡಿಮೆ ತಿನ್ನುತ್ತದಂತಲ್ಲ ಸರ್, ಅದೊಂದನ್ನೇ ಬಳಸಿದರೆ ಆಗದೇ?

ಉತ್ತರ: ಆ ಮಾತು ನಂಬಿ ಬದಲಿಸಬೇಡಿ. ಒಂದು ಸೈಟಿನ ಮಾಹಿತಿ ಇನ್ನೊಂದಕ್ಕೆ ಸಿಗಬಾರದೆಂದು ಈಗ ಕ್ರೋಮೂ ಫೈರ್‌ಫಾಕ್ಸೂ ಪ್ರತಿ ಸೈಟಿಗೆ ಬೇರೆ ಪ್ರೊಸೆಸ್ ನಡೆಸುತ್ತವೆ. ರ‍್ಯಾಮ್ ಹೋಗುವುದೇ ಅಲ್ಲಿ. ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಬ್ರೌಸರ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಎಷ್ಟೋ ಸಲ ಮೇಲಿರುವುದು ಸರ್ಕಾರಿ ಪೋರ್ಟಲ್ ಅಲ್ಲ, ಜಾಹೀರಾತು ತುಂಬಿದ ಯಾವುದೋ ಸುದ್ದಿ ಪುಟ ಅಥವಾ ಯಾರೋ ಹಾಕಿಬಿಟ್ಟ ಎಕ್ಸ್‌ಟೆನ್ಶನ್.

ಜಾಹೀರಾತು ತಡೆಯುವ ವಿಷಯದಲ್ಲಿ ಮಾತ್ರ ಫೈರ್‌ಫಾಕ್ಸ್ ಮುಂದಿದೆ. ಗೂಗಲ್‌ನ ಮ್ಯಾನಿಫೆಸ್ಟ್ ವಿ3 ಎಂಬ ಎಕ್ಸ್‌ಟೆನ್ಶನ್ ನಿಯಮ ಬಂದ ಮೇಲೆ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಪುಟ ಕಳಿಸುವ ಪ್ರತಿಯೊಂದು ಕೋರಿಕೆಯನ್ನೂ ತಾನೇ ನೋಡಿ ತಡೆಯುವಂತಿಲ್ಲ, ಮೊದಲೇ ಪಟ್ಟಿ ಬರೆದು ಬ್ರೌಸರ್ ಕೈಗೆ ಕೊಡಬೇಕು. ಹಾಗಾಗಿ ಅಲ್ಲಿ ಸಿಗುವುದು ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ಬ್ಲಾಕರ್‌ನ ಸಣ್ಣ ರೂಪ, ಯುಬ್ಲಾಕ್ ಆರಿಜಿನ್ ಲೈಟ್. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಯುಬ್ಲಾಕ್ ಆರಿಜಿನ್ ಓಡುತ್ತದೆ. ಆದರೆ ಹಣ ಕಟ್ಟುವ ಪುಟ ಮಧ್ಯದಲ್ಲಿ ನಿಂತರೆ ಆ ಸೈಟಿಗೆ ಮಾತ್ರ ಬ್ಲಾಕರ್ ಆಫ್ ಮಾಡಿ ನೋಡಿ.

ಬಳಸದೆ ಬಿಟ್ಟ ಟ್ಯಾಬನ್ನು ಮಲಗಿಸುವ ಆಯ್ಕೆಗಳು, ಎಡ್ಜ್‌ನ ಸ್ಲೀಪಿಂಗ್ ಟ್ಯಾಬ್ಸ್, ಕ್ರೋಮ್‌ನ ಮೆಮೊರಿ ಸೇವರ್, ಆನ್ ಇರಲಿ. ಒಂದು ಎಚ್ಚರಿಕೆ: ಬಿಟ್ಟ ಟ್ಯಾಬ್ ಮತ್ತೆ ಲೋಡ್ ಆದರೆ ತುಂಬಿದ ಅರ್ಜಿ ಹೋಗಬಹುದು. ಅರ್ಧ ತುಂಬಿದ ಫಾರ್ಮ್ ಇರುವ ಟ್ಯಾಬನ್ನು ಮಲಗಿಸದಿರಲು ಬ್ರೌಸರ್ ಪ್ರಯತ್ನಿಸುತ್ತದೆ, ಆದರೂ ಅದನ್ನೇ ನೆಚ್ಚಬೇಡಿ. ಅದೇ ಸೆಟ್ಟಿಂಗ್ಸ್‌ನಲ್ಲಿ ‘ಈ ಸೈಟ್‌ಗಳನ್ನು ಯಾವಾಗಲೂ ಎಚ್ಚರವಿಡು’ ಎಂಬ ಅರ್ಥದ ಪಟ್ಟಿಯಿದೆ, ದಿನವೂ ಬಳಸುವ ಪೋರ್ಟಲ್‌ಗಳನ್ನು ಅಲ್ಲಿ ಸೇರಿಸಿ.

ಇನ್ನೊಬ್ಬ ಸದಸ್ಯರು: ಸರ್, ಜಿಎಸ್‌ಟಿಯಲ್ಲಿ ಡಿಎಸ್‌ಸಿ (ಡಿಜಿಟಲ್ ಸಹಿ) ಹಾಕುವಾಗ ಸಹಿ ಹಾಕುವ ತಂತ್ರಾಂಶ ಎಮ್‌ಸೈನರ್ ಕನೆಕ್ಟ್ ಆಗಲಿಲ್ಲ, ರೀಸ್ಟಾರ್ಟ್ ಮಾಡಿ ಅಂತ ಬರುತ್ತದೆ. ಸಹಿಯಿರುವ ಯುಎಸ್‌ಬಿ ಟೋಕನ್ ಸರಿಯಿದೆ. ಇದು ಬ್ರೌಸರ್ ತಪ್ಪೇ?

ಉತ್ತರ: ತಪ್ಪಲ್ಲ, ಬ್ರೌಸರ್‌ನ ಕಟ್ಟುನಿಟ್ಟು. ಹಿಂದೆ ಜಾವಾ ಪ್ಲಗಿನ್ ಬ್ರೌಸರ್ ಒಳಗೇ ಕೂತು ಟೋಕನ್ ಓದುತ್ತಿತ್ತು. ಅಂಥ ಪ್ಲಗಿನ್‌ಗಳನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ತೆಗೆದವು. ಈಗ ಎಮ್‌ಸೈನರ್ ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಪುಟ್ಟ ಸರ್ವರ್ ಆಗಿ ಓಡುತ್ತದೆ, ಪೋರ್ಟಲ್ ಪುಟ ಅದರೊಡನೆ ಮಾತಾಡಬೇಕು. ಆ ಸರ್ವರ್‌ನ ಸರ್ಟಿಫಿಕೇಟ್ (ಗುರುತಿನ ಪತ್ರ) ಬ್ರೌಸರ್‌ಗೆ ಪರಿಚಯವಿಲ್ಲ. ಮಾಮೂಲಿ ಪುಟವಾದರೆ ಕೆಂಪು ಎಚ್ಚರಿಕೆ ತೋರಿಸುತ್ತಿತ್ತು, ಹಿನ್ನೆಲೆಯ ಸಂಪರ್ಕವಾದ್ದರಿಂದ ಸದ್ದಿಲ್ಲದೆ ಕಡಿದುಹಾಕುತ್ತದೆ.

ಹೀಗೆ ಮಾಡಿ. ಎಮ್‌ಸೈನರ್ ಐಕಾನ್ ಮೇಲೆ ರೈಟ್ ಕ್ಲಿಕ್, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’. ಬ್ರೌಸರ್‌ನ ಹೊಸ ಟ್ಯಾಬ್‌ನಲ್ಲಿ ಮುಂದೆ ಎಚ್‌ಟಿಟಿಪಿಎಸ್ ಹಾಕಿ 127.0.0.1:1585 ತೆರೆಯಿರಿ. ಎಚ್ಚರಿಕೆ ಬಂದಾಗ ಅಡ್ವಾನ್ಸ್ಡ್ ಒತ್ತಿ ಮುಂದುವರಿಯಿರಿ. ನಂತರ ಪೋರ್ಟಲ್ ಪುಟ ರಿಫ್ರೆಶ್ ಮಾಡಿ ಮತ್ತೆ ಸಹಿ ಹಾಕಿ. ಈ ಒಪ್ಪಿಗೆ ಬ್ರೌಸರ್‌ನಿಂದ ಬ್ರೌಸರ್‌ಗೆ ಬೇರೆ: ಎಡ್ಜ್‌ನಲ್ಲಿ ಕೊಟ್ಟದ್ದು ಫೈರ್‌ಫಾಕ್ಸ್‌ಗೆ ಗೊತ್ತಿರುವುದಿಲ್ಲ. ಇದು ನಿಮ್ಮದೇ ಕಂಪ್ಯೂಟರ್‌ನ ವಿಳಾಸವಾದ್ದರಿಂದ ಪರವಾಗಿಲ್ಲ, ಹೊರಗಿನ ಯಾವ ಸೈಟಿಗೂ ಹೀಗೆ ಒಪ್ಪಿಗೆ ಒತ್ತಬೇಡಿ.

ಮರುಪ್ರಶ್ನೆ: ಇಬ್ಬರು ಗ್ರಾಹಕರ ಲಾಗಿನ್ ಒಟ್ಟಿಗೆ ಬೇಕಾದಾಗ ಇನ್‌ಕಾಗ್ನಿಟೋ ತೆರೆಯುತ್ತೇವೆ. ಮೂರನೆಯವರು ಬಂದರೆ ಎರಡನೆಯವರ ಲಾಗಿನ್ ಹಾರಿಹೋಗುತ್ತದೆ, ಯಾಕೆ?

ಉತ್ತರ: ಎಷ್ಟು ಇನ್‌ಕಾಗ್ನಿಟೋ ಕಿಟಕಿ ತೆರೆದರೂ ಲಾಗಿನ್ ನೆನಪಿಡುವ ಅವುಗಳ ಕುಕೀ ಡಬ್ಬ ಒಂದೇ ಮೇಡಂ. ಅದಕ್ಕೆ ಹೊಸ ಲಾಗಿನ್ ಹಳೆಯದನ್ನು ಅಳಿಸುತ್ತದೆ. ಇಲ್ಲಿ ಫೈರ್‌ಫಾಕ್ಸ್‌ಗೆ ಸಾಟಿಯಿಲ್ಲ: ಮೊಜಿಲ್ಲಾದವರದೇ ಮಲ್ಟಿ-ಅಕೌಂಟ್ ಕಂಟೇನರ್ಸ್ ಎಕ್ಸ್‌ಟೆನ್ಶನ್ ಹಾಕಿ. ಪ್ರತಿ ಕಂಟೇನರ್‌ಗೂ ಕುಕೀ ಬೇರೆ, ಟ್ಯಾಬ್ ಮೇಲೆ ಬಣ್ಣದ ಗೆರೆಯೂ ಬೇರೆ. ಹಸಿರು ಗೆರೆಯ ಟ್ಯಾಬ್‌ನಲ್ಲಿ ಒಬ್ಬರು, ಕಿತ್ತಳೆಯದರಲ್ಲಿ ಇನ್ನೊಬ್ಬರು, ಒಂದೇ ಕಿಟಕಿಯಲ್ಲಿ ಪಕ್ಕಪಕ್ಕ. ಎಡ್ಜ್, ಕ್ರೋಮ್‌ನಲ್ಲಾದರೆ ಪ್ರತಿಯೊಬ್ಬರಿಗೂ ಬೇರೆ ಪ್ರೊಫೈಲ್ ಬೇಕು, ಪ್ರೊಫೈಲ್ ಒಂದೊಂದಕ್ಕೂ ಬೇರೆ ಕಿಟಕಿ, ರ‍್ಯಾಮೂ ಹೆಚ್ಚು.

ಗ್ರಾಹಕರ ಪಾಸ್‌ವರ್ಡನ್ನು ಮಾತ್ರ ಯಾವ ಬ್ರೌಸರ್‌ನಲ್ಲೂ ಉಳಿಸಬೇಡಿ. ‘ಸೇವ್ ಪಾಸ್‌ವರ್ಡ್ಸ್’ ಆಯ್ಕೆಯನ್ನೇ ಆಫ್ ಮಾಡಿಡಿ.

ಮರುಪ್ರಶ್ನೆ: ಡೌನ್‌ಲೋಡ್ ಮಾಡಿದ ಪಿಡಿಎಫ್‌ನಲ್ಲಿ ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಪ್ರಿಂಟ್ ಕೊಟ್ಟರೆ ಜನ ಒಪ್ಪುವುದಿಲ್ಲ.

ಉತ್ತರ: ಕ್ರೋಮ್, ಫೈರ್‌ಫಾಕ್ಸ್‌ಗಳು ಡಿಜಿಟಲ್ ಸಹಿಯನ್ನು ಪರಿಶೀಲಿಸುವುದಿಲ್ಲ, ಚಿತ್ರದ ಹಾಗೆ ತೋರಿಸುತ್ತವೆ ಅಷ್ಟೆ. ಫೈಲ್ ಉಳಿಸಿಕೊಂಡು ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದು, ಸಹಿಯ ಮೇಲೆ ಒತ್ತಿ ಪರಿಶೀಲಿಸಿ, ಅಲ್ಲಿಂದಲೇ ಪ್ರಿಂಟ್ ತೆಗೆಯಿರಿ. ಇನ್ನು ಪಿಡಿಎಫ್ ಅರ್ಜಿ ತೆರೆದಾಗ ‘ಪ್ಲೀಸ್ ವೇಟ್’ ಎಂದಷ್ಟೇ ಬಂದು ನಿಂತರೆ ಅದು ಎಕ್ಸ್‌ಎಫ್‌ಎ ಎಂಬ ಬೇರೆ ಬಗೆಯ ಪಿಡಿಎಫ್ ಫಾರ್ಮ್. ಕ್ರೋಮ್ ಅದನ್ನು ತೋರಿಸುವುದಿಲ್ಲ, ಫೈರ್‌ಫಾಕ್ಸ್ 93ನೇ ಆವೃತ್ತಿಯಿಂದ ತೋರಿಸುತ್ತದೆ.

ಇನ್ನೊಬ್ಬ ಸದಸ್ಯರು: ಕೆಲವು ಪುಟಗಳಲ್ಲಿ ಇಂಗ್ಲಿಷ್ ದೊಡ್ಡದು, ಕನ್ನಡ ಇರುವೆಯಷ್ಟು. ಜೂಮ್ ಮಾಡಿದರೆ ಪುಟವೇ ಆಚೆ ಹೋಗುತ್ತದೆ.

ಉತ್ತರ: ಬಹುಪಾಲು ತುಂಗಾ ಫಾಂಟ್ ಇರಬೇಕು, ಅದರ ಅಕ್ಷರ ಅದೇ ಅಳತೆಯಲ್ಲೂ ಚಿಕ್ಕದಾಗಿ ಕಾಣುತ್ತದೆ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಫಾಂಟ್ಸ್ ಪಕ್ಕದಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ. ಕನ್ನಡ ಆರಿಸಿ, ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಕೊಡಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಲಿಪಿಗೊಂದು ಫಾಂಟ್ ಕೊಡುವ ಆಯ್ಕೆ ಇಲ್ಲ. ಪುಟವೇ ತುಂಗಾ ಎಂದು ಬರೆದಿದ್ದರೆ, ಪುಟಗಳು ತಮ್ಮ ಫಾಂಟ್ ಆರಿಸಿಕೊಳ್ಳಲು ಬಿಡುವ ಟಿಕ್ಕನ್ನೂ ತೆಗೆಯಬೇಕು. ಆಗ ಕೆಲವು ಸೈಟ್‌ಗಳಲ್ಲಿ ಐಕಾನ್ ಜಾಗದಲ್ಲಿ ಖಾಲಿ ಚೌಕ ಕಾಣಬಹುದು. ಓದಿ ಮುಗಿದ ಮೇಲೆ ಟಿಕ್ ವಾಪಸ್ ಹಾಕಿ.

ಮರುಪ್ರಶ್ನೆ: ವಿಂಡೋಸ್ 7 ಮೆಷಿನ್ ಬಗ್ಗೆ ಹೇಳಲಿಲ್ಲ ಸರ್.

ಉತ್ತರ: ಅದರಲ್ಲಿ ಕ್ರೋಮ್ 109ಕ್ಕೇ ನಿಂತಿದೆ, ಅದು 2023ರ ಜನವರಿಯ ಆವೃತ್ತಿ. ಫೈರ್‌ಫಾಕ್ಸ್‌ನಲ್ಲಿ ಕೊನೆಯದು 115 ಇಎಸ್‌ಆರ್ (ದೀರ್ಘ ಬೆಂಬಲದ ಆವೃತ್ತಿ), ಹಾಕುವುದಾದರೆ ಅದನ್ನೇ ಹಾಕಿ. ಆದರೆ ಆ ಮೆಷಿನ್‌ನಲ್ಲಿ ಹಣ ಕಟ್ಟುವುದು, ಬ್ಯಾಂಕ್ ಲಾಗಿನ್, ಡಿಎಸ್‌ಸಿ ಮೂರೂ ಬೇಡ. ಸ್ಕ್ಯಾನ್, ಪ್ರಿಂಟ್‌ಗೆ ಇಟ್ಟುಕೊಳ್ಳಿ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಖರ್ಚು ಮಾಡುವುದಿದ್ದರೆ ಮೊದಲು ಆ ಎರಡು ಮೆಷಿನ್‌ಗಳಿಗೆ ಇನ್ನೊಂದು 4 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿ, ಅವು ವಿಂಡೋಸ್ 11 ತಾಳುತ್ತವೆಯೇ ಎಂದು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್‌ನಲ್ಲಿ ನೋಡಿಕೊಂಡ ಮೇಲೆಯೇ.